ಒಂದು ಡ್ರೈವ್‌ಗೆ ಒಬ್ಬನೇ ಯಜಮಾನ: ಫೈಬರ್ ಚಾನೆಲ್ ಟೇಪ್ ಹೊಂದಿಸುವ ಸೂತ್ರಗಳು

2011ರ ಫೆಬ್ರವರಿ ಕೊನೆಯಲ್ಲಿ ಒಂದಿಷ್ಟು ಜನ ಜಿಮೇಲ್ ತೆರೆದರೆ ಒಳಗೆ ಏನೂ ಇರಲಿಲ್ಲ. ಗೂಗಲ್ ಕೊಟ್ಟ ಲೆಕ್ಕದಂತೆ ಹೀಗಾದದ್ದು ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಗೆ. ಸ್ಟೋರೇಜ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿದ್ದ ದೋಷವೊಂದು ಬೇರೆಬೇರೆ ಕಡೆ ಇಟ್ಟಿದ್ದ ಪ್ರತಿಗಳನ್ನೂ ಬಿಡದೆ ಮುಟ್ಟಿತ್ತು. ಮೇಲ್‌ಗಳು ಮರಳಿ ಸಿಕ್ಕಿದ್ದು ಟೇಪ್‌ನಿಂದ. ಡ್ರೈವ್‌ನಿಂದ ತೆಗೆದು ಗೂಡಿನಲ್ಲಿಟ್ಟ ಟೇಪನ್ನು ಸಾಫ್ಟ್‌ವೇರ್ ದೋಷ ಮುಟ್ಟಲಾರದು, ರ‍್ಯಾನ್ಸಮ್‌ವೇರ್ ಕೂಡ ಮುಟ್ಟಲಾರದು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಡೇಟಾ ಸೆಂಟರ್‌ಗಳಲ್ಲಿ ಟೇಪ್ ಇಂದಿಗೂ ಉಳಿದಿರುವುದು ಇದಕ್ಕೇ.

ಆದರೆ ಟೇಪ್ ಡಿಸ್ಕ್ ಅಲ್ಲ. ಡಿಸ್ಕ್‌ಗೆ ಕಳಿಸಿದ ಕಮಾಂಡ್ ದಾರಿಯಲ್ಲಿ ಕಳೆದುಹೋದರೆ ಅದೇ ಬ್ಲಾಕ್ ನಂಬರ್‌ಗೆ ಇನ್ನೊಮ್ಮೆ ಬರೆದರಾಯಿತು. ಟೇಪ್‌ಗೆ ಹಾಗೆ ಮಾಡುವಂತಿಲ್ಲ. ಕಮಾಂಡ್ ತಲುಪಿತ್ತೋ ಇಲ್ಲವೋ, ಹೆಡ್ ಈಗ ಎಲ್ಲಿ ನಿಂತಿದೆಯೋ ಗೊತ್ತಾಗದೆ ಮತ್ತೆ ಬರೆದರೆ ಒಂದೇ ಬ್ಲಾಕ್ ಎರಡು ಸಲ ಕೂರಬಹುದು, ಇಲ್ಲವೇ ನಡುವೆ ಒಂದು ಬಿಟ್ಟುಹೋಗಬಹುದು. ಫೈಬರ್ ಚಾನೆಲ್ ಜಾಲದಲ್ಲಿ ಒಂದೇ ಡ್ರೈವ್ ಹಲವು ಸರ್ವರ್‌ಗಳಿಗೆ ಕಾಣುವುದರಿಂದ ಈ ತೊಡಕು ಇನ್ನೂ ಹೆಚ್ಚು. ಕೆಳಗಿನ ಸೂತ್ರಗಳ ಹಿಂದೆ ಇರುವುದು ಒಂದೇ ವಿಚಾರ: ಯಾವುದೇ ಹೊತ್ತಿನಲ್ಲಿ ಒಂದು ಡ್ರೈವ್‌ಗೆ ಒಬ್ಬನೇ ಯಜಮಾನ ಇರಬೇಕು, ಮತ್ತು ಆ ಡ್ರೈವ್‌ಗೆ ರೀಬೂಟ್ ಆದರೂ ಬದಲಾಗದ ಹೆಸರಿರಬೇಕು. ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್ ಸರ್ವರ್ ಮತ್ತು ಎಲ್‌ಟಿಒ ಡ್ರೈವ್‌ಗಳವು. ಅಗತ್ಯವಿದ್ದಲ್ಲಿ ವಿಂಡೋಸ್ ಮತ್ತು ಐಬಿಎಂನ ಎಐಎಕ್ಸ್ ಬಗ್ಗೆಯೂ ಹೇಳಿದ್ದೇನೆ.

1. ಕೇಬಲ್ ಹಾಕುವ ಮೊದಲು ಪಟ್ಟಿ ಬರೆಯಿರಿ

ಪ್ರತಿ ಡ್ರೈವ್‌ನ ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಪೋರ್ಟ್‌ನ 16 ಅಂಕಿಯ ಡಬ್ಲ್ಯುಡಬ್ಲ್ಯುಪಿಎನ್ ವಿಳಾಸ, ರೋಬೋಟ್ ಟೇಪ್ ಎತ್ತಿ ಹಾಕುವ ಲೈಬ್ರರಿಯೊಳಗೆ ಅದು ಕೂತ ಜಾಗ, ಸ್ವಿಚ್‌ನಲ್ಲಿ ಅದು ಸೇರಿದ ಪೋರ್ಟ್. ಇಷ್ಟು ಒಂದು ಹಾಳೆಯಲ್ಲಿ ಇರಲಿ. ಸರ್ವರನ್ನು ಈ ಜಾಲಕ್ಕೆ ಸೇರಿಸುವ ಎಚ್‌ಬಿಎ ಕಾರ್ಡ್‌ಗೂ ಇದೇ ಬಗೆಯ ಸಾಲು ಬೇಕು. ಆಮೇಲೆ ಬ್ಯಾಕಪ್ ಸಾಫ್ಟ್‌ವೇರ್ ಕಂಪನಿ ಪ್ರಕಟಿಸುವ ಹೊಂದಾಣಿಕೆ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಕಾರ್ಡ್, ಸ್ವಿಚ್, ಡ್ರೈವ್, ಡ್ರೈವರ್ ನಾಲ್ಕರ ಆವೃತ್ತಿಯೂ ಅದರಲ್ಲಿ ಇದೆಯೇ ನೋಡಿ. ಮೂರು ಹೊಂದಿ ಒಂದು ಹೊಂದದಿದ್ದರೆ ಕೆಲಸ ಶುರುವಾಗುತ್ತದೆ, ನಡುರಾತ್ರಿ ನಿಲ್ಲುತ್ತದೆ.

2. ಸ್ವಿಚ್ ಕೊಳ್ಳುವ ಮೊದಲೇ ವೇಗ ನೋಡಿ

ಎಲ್‌ಟಿಒ-5ರಿಂದ ಎಲ್‌ಟಿಒ-9ರವರೆಗಿನ ಫೈಬರ್ ಚಾನೆಲ್ ಡ್ರೈವ್‌ಗಳು ಮಾತಾಡುವುದು 8 ಗಿಗಾಬಿಟ್‌ನಲ್ಲಿ. ಸ್ವಿಚ್‌ಗಳು ಮಾತ್ರ 16, 32, 64 ಎಂದು ಏರುತ್ತಲೇ ಇವೆ. ಸ್ವಿಚ್ ಪೋರ್ಟ್‌ಗೆ ಚುಚ್ಚುವ ಎಸ್‌ಎಫ್‌ಪಿಗಳಲ್ಲಿ 32ರದ್ದು ಕೆಳಗೆ 16ಕ್ಕೂ 8ಕ್ಕೂ ಇಳಿಯುತ್ತದೆ. 64ರ ಎಸ್‌ಎಫ್‌ಪಿ 32 ಮತ್ತು 16ಕ್ಕೆ ಇಳಿದು ಅಲ್ಲಿಗೇ ನಿಲ್ಲುತ್ತದೆ. ಅಂದರೆ ಹೊಚ್ಚಹೊಸ 64ರ ಎಸ್‌ಎಫ್‌ಪಿಗೆ ನಿಮ್ಮ ಟೇಪ್ ಡ್ರೈವ್ ಚುಚ್ಚಿದರೆ ಲಿಂಕ್ ಏಳುವುದೇ ಇಲ್ಲ, ನೀವು ಡ್ರೈವರ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಟೇಪ್‌ಗೆಂದೇ 32ರ ಎಸ್‌ಎಫ್‌ಪಿಗಳನ್ನು ಖರೀದಿ ಆದೇಶದಲ್ಲೇ ಸೇರಿಸಿ.

ಡ್ರೈವ್‌ನ ಪೋರ್ಟನ್ನು ಆಟೋಗೆ ಬಿಡದೆ 8 ಗಿಗಾಬಿಟ್‌ಗೆ ಕಟ್ಟುವುದು, ಲೂಪ್ ಬಿಟ್ಟು ಪಾಯಿಂಟ್-ಟು-ಪಾಯಿಂಟ್ ಆಯ್ಕೆ ಮಾಡುವುದು ನನ್ನ ಮಟ್ಟಿಗೆ ಮೊದಲ ದಿನವೇ ಮುಗಿಸಬೇಕಾದ ಕೆಲಸ. ಹೊಸ ತಲೆಮಾರಿನ ಹಲವು ಸ್ವಿಚ್‌ಗಳು ಲೂಪನ್ನು ಕೈಬಿಟ್ಟಿವೆ. 8 ಗಿಗಾಬಿಟ್‌ನಲ್ಲಿ ಒಎಂ3 ಕೇಬಲ್ 150 ಮೀಟರ್, ಒಎಂ4 ಕೇಬಲ್ 190 ಮೀಟರ್ ಎಳೆಯಬಹುದು. ಉದ್ದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಎಲ್‌ಸಿ ಕನೆಕ್ಟರ್‌ನ ತುದಿಯ ಧೂಳು. ಸ್ವಿಚ್‌ನಲ್ಲಿ ಆ ಪೋರ್ಟ್‌ನ ಸಿಆರ್‌ಸಿ ದೋಷದ ಎಣಿಕೆಯನ್ನು ಸೊನ್ನೆ ಮಾಡಿ, ಒಂದು ರಾತ್ರಿಯ ಬ್ಯಾಕಪ್ ಆದ ಮೇಲೆ ಮತ್ತೆ ನೋಡಿ. ಎಣಿಕೆ ಏರಿದ್ದರೆ ಕನೆಕ್ಟರ್ ಒರೆಸಿ, ಕೇಬಲ್ ಬದಲಿಸಿ. ಅದು ಸರಿಯಾಗುವ ತನಕ ಡ್ರೈವರ್ ಮುಟ್ಟಬೇಡಿ.

3. ಒಂದು ಜೋನ್‌ನಲ್ಲಿ ಒಂದೇ ಎಚ್‌ಬಿಎ ಪೋರ್ಟ್

ಜೋನ್ ಎಂದರೆ ಒಬ್ಬರಿಗೊಬ್ಬರು ಕಾಣುವಂತೆ ಸ್ವಿಚ್‌ನಲ್ಲಿ ಕಟ್ಟಿದ ಗುಂಪು. ಸರ್ವರ್‌ನ ಒಂದು ಪೋರ್ಟ್, ಅದು ಬಳಸುವ ಟೇಪ್ ಡ್ರೈವ್‌ಗಳು. ಜೋನ್‌ನಲ್ಲಿ ಬೇರೆ ಏನೂ ಬೇಡ. ಎರಡನೇ ಸರ್ವರ್‌ಗೆ ಅದೇ ಡ್ರೈವ್ ಬೇಕಿದ್ದರೆ ಎರಡನೇ ಜೋನ್ ಮಾಡಿ. ಇದು ಅಚ್ಚುಕಟ್ಟಿಗಾಗಿ ಮಾಡುವ ಕೆಲಸವಲ್ಲ. ಒಂದು ಸರ್ವರ್ ರೀಬೂಟ್ ಆದಾಗ ಅದರ ಜೋನ್‌ನಲ್ಲಿರುವವರಿಗೆಲ್ಲ ಸ್ವಿಚ್ ‘ಇಲ್ಲೇನೋ ಬದಲಾಗಿದೆ’ ಎಂದು ಸುದ್ದಿ ಕಳಿಸುತ್ತದೆ. ಸುದ್ದಿ ಬಂದ ಕೂಡಲೇ ಎಚ್‌ಬಿಎ ತನ್ನ ಜೊತೆಗಾರರನ್ನೆಲ್ಲ ಮತ್ತೆ ವಿಚಾರಿಸಲು ಹೊರಡುತ್ತದೆ. ಡಿಸ್ಕ್‌ಗೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಸಂಗತಿ. ಅರ್ಧ ಟೇಪ್ ಬರೆದು ಓಡುತ್ತಿರುವ ಡ್ರೈವ್‌ಗೆ ಮಾತ್ರ ಇದೇ ಸಾಕು, ಐದು ಗಂಟೆಯ ಬ್ಯಾಕಪ್ ಬಿದ್ದುಹೋಗುತ್ತದೆ.

ಇದೇ ಕಾರಣಕ್ಕೆ ಡಿಸ್ಕ್‌ಗೂ ಟೇಪ್‌ಗೂ ಬೇರೆಬೇರೆ ಎಚ್‌ಬಿಎ ಪೋರ್ಟ್ ಕೊಡಿ. ಡಿಸ್ಕ್‌ಗೆ ಬೇಕಾದ ಮರುಪ್ರಯತ್ನದ ಗಡುವುಗಳು ಟೇಪ್‌ಗೆ ಹೊಂದುವುದಿಲ್ಲ, ಟೇಪ್‌ನ ದೊಡ್ಡ ಬ್ಲಾಕ್‌ಗಳ ಹರಿವು ಡಿಸ್ಕ್‌ನ ಸಣ್ಣ ಓದುಗಳನ್ನು ಕಾಯಿಸುತ್ತದೆ.

ಜೋನ್ ಮಾಡುವಾಗ ಮರೆಯಬಾರದ ಇನ್ನೊಂದು ವಿಷಯ: ಬಹಳಷ್ಟು ಲೈಬ್ರರಿಗಳಲ್ಲಿ ರೋಬೋಟ್‌ಗೆ ತನ್ನದೇ ಪೋರ್ಟ್ ಇರುವುದಿಲ್ಲ. ಯಾವುದೋ ಒಂದು ಡ್ರೈವ್‌ನ ಬೆನ್ನಿಗೆ ಅಂಟಿಕೊಂಡು ಅದು ಕಾಣುತ್ತದೆ. ಒಂದೇ ಪೋರ್ಟ್‌ನ ಹಿಂದಿರುವ ಸಾಧನಗಳನ್ನು ಬೇರ್ಪಡಿಸುವ ಸಂಖ್ಯೆ ಲನ್: ಡ್ರೈವ್ ಲನ್ 0, ರೋಬೋಟ್ ಲನ್ 1. ಆ ಡ್ರೈವನ್ನು ಜೋನ್‌ನಿಂದ ತೆಗೆದಿರೋ, ರೋಬೋಟ್ ಕೂಡ ಮಾಯ. ರೋಬೋಟ್‌ಗೆ ಹೋಗುವ ಈ ದಾರಿಯನ್ನು, ಅಂದರೆ ಕಂಟ್ರೋಲ್ ಪಾತನ್ನು, ಎರಡು ಡ್ರೈವ್‌ಗಳಿಗೆ ಕೊಡಲು ಲೈಬ್ರರಿ ಬಿಟ್ಟರೆ ಕೊಡಿ.

4. ಕಾಣದ ಡ್ರೈವನ್ನು ಮೆಟ್ಟಿಲು ಮೆಟ್ಟಿಲಾಗಿ ಹುಡುಕಿ

‘ಡ್ರೈವ್ ಕಾಣ್ತಿಲ್ಲ’ ಎಂಬ ದೂರು ಬಂದ ತಕ್ಷಣ ರೀಬೂಟ್ ಮಾಡುವ ಅಭ್ಯಾಸ ಬಿಡಿ. ಲಿನಕ್ಸ್‌ನಲ್ಲಿ ನೋಡಬೇಕಾದ ಮೆಟ್ಟಿಲು ನಾಲ್ಕು. ಮೊದಲನೆಯದು ಎಚ್‌ಬಿಎ ಡ್ರೈವರ್: ಕ್ಯೂಲಾಜಿಕ್ ಕಾರ್ಡ್ ಆದರೆ ಕ್ಯೂಎಲ್‌ಎ2ಎಕ್ಸ್‌ಎಕ್ಸ್‌ಎಕ್ಸ್, ಎಮ್ಯುಲೆಕ್ಸ್ ಆದರೆ ಎಲ್‌ಪಿಎಫ್‌ಸಿ ಮಾಡ್ಯೂಲ್ ಕೂತಿದೆಯೇ. ಎರಡನೆಯದು ಲಿಂಕ್: ‘ಸಿಸ್’ ಕಡತವ್ಯವಸ್ಥೆಯ ಎಫ್‌ಸಿ-ಹೋಸ್ಟ್ ಫೋಲ್ಡರ್‌ನಲ್ಲಿ ಪೋರ್ಟ್ ಆನ್‌ಲೈನ್ ಎನ್ನುತ್ತಿದೆಯೇ, ವೇಗ ಎಷ್ಟಿದೆ. ಮೂರನೆಯದು ಲಾಗಿನ್: ರಿಮೋಟ್ ಪೋರ್ಟ್‌ಗಳ ಪಟ್ಟಿಯಲ್ಲಿ ಡ್ರೈವ್‌ನ ಡಬ್ಲ್ಯುಡಬ್ಲ್ಯುಪಿಎನ್ ಇದೆಯೇ. ನಾಲ್ಕನೆಯದು ಲನ್: ಎಲ್‌ಎಸ್‌ಸ್ಕಜಿ ಕಮಾಂಡ್‌ಗೆ ಜಿ ಆಯ್ಕೆ ಕೊಟ್ಟರೆ ಡ್ರೈವ್‌ನ ಸಾಲಿನಲ್ಲಿ ‘ಟೇಪ್’, ರೋಬೋಟ್‌ನ ಸಾಲಿನಲ್ಲಿ ‘ಮೀಡಿಯಂಎಕ್ಸ್’ ಎಂದು ಬರುತ್ತದೆಯೇ.

ಲಿಂಕ್ ಇದ್ದು ಲಾಗಿನ್ ಇಲ್ಲವೆಂದರೆ ಜೋನ್ ನೋಡಿ. ಲಾಗಿನ್ ಇದ್ದು ಲನ್ ಇಲ್ಲವೆಂದರೆ ಲೈಬ್ರರಿಯ ಕಡೆ ಆ ಸರ್ವರ್‌ಗೆ ಅನುಮತಿ ಇದೆಯೇ ನೋಡಿ. ಲನ್ ಇದ್ದು ಡ್ರೈವ್‌ನ ಸಾಲಿನಲ್ಲಿ ‘ಎಸ್‌ಟಿ0’ ಥರದ ಹೆಸರಿನ ಬದಲು ಬರೀ ಗೆರೆ ಇದ್ದರೆ ಟೇಪ್ ಡ್ರೈವರ್ ಅದನ್ನು ಹಿಡಿದಿಲ್ಲ. ಎಲ್ಲಿ ನಿಂತಿತು ಎಂದು ಗೊತ್ತಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

5. ಎಚ್‌ಬಿಎಯಲ್ಲಿ ಟೇಪ್ ಬೆಂಬಲ ಚಾಲೂ ಇರಲಿ

ಕ್ಯೂಲಾಜಿಕ್ ಕಾರ್ಡ್‌ನ ಬಯೋಸ್ ಮೆನುವಿನಲ್ಲಿ ‘ಫೈಬರ್ ಚಾನೆಲ್ ಟೇಪ್ ಸಪೋರ್ಟ್’ ಎಂಬ ಸಾಲಿದೆ. ಕಳೆದುಹೋದ ಫ್ರೇಮನ್ನು ಪತ್ತೆಹಚ್ಚಿ, ಇಡೀ ಕಮಾಂಡನ್ನು ಎರಡನೇ ಸಲ ಕಳಿಸದೆ, ಬಿಟ್ಟುಹೋದ ಭಾಗವನ್ನಷ್ಟೇ ಸರಿಮಾಡುವ ಎಫ್‌ಸಿಪಿ-2 ವಿಧಾನ ಅದು. ಆರಂಭದಲ್ಲಿ ಹೇಳಿದ ‘ಹೆಡ್ ಎಲ್ಲಿದೆಯೋ ಗೊತ್ತಿಲ್ಲ’ ಎಂಬ ಸಂಕಟಕ್ಕೆ ಹಾರ್ಡ್‌ವೇರ್ ಮಟ್ಟದಲ್ಲಿ ಇರುವ ಮದ್ದು ಇದೇ. ಡಿಸ್ಕ್‌ಗೆಂದು ಹೊಂದಿಸಿದ ಹಳೆಯ ಕಾರ್ಡನ್ನು ಟೇಪ್‌ಗೆ ಬಳಸುವಾಗ ಇದನ್ನು ತೆರೆದು ನೋಡಲೇಬೇಕು.

6. ಒಂದೇ ಒರೆಯಲ್ಲಿ ಎರಡು ಕತ್ತಿ ಬೇಡ

ಲಿನಕ್ಸ್ ಕರ್ನಲ್‌ನೊಳಗೇ ಎಸ್‌ಟಿ ಎಂಬ ಟೇಪ್ ಡ್ರೈವರ್ ಇದೆ. ಐಬಿಎಂ ತನ್ನ ಡ್ರೈವ್‌ಗಳಿಗೆ ಲಿನ್-ಟೇಪ್ ಎಂಬ ಬೇರೆ ಡ್ರೈವರ್ ಕೊಡುತ್ತದೆ. ಮೊದಲನೆಯದರಲ್ಲಿ ಡ್ರೈವ್ ‘ಎಸ್‌ಟಿ0’ ಆಗುತ್ತದೆ, ಎರಡನೆಯದರಲ್ಲಿ ‘ಐಬಿಎಂಟೇಪ್0’. ಎರಡೂ ಒಂದೇ ಡ್ರೈವ್‌ಗೆ ಹಕ್ಕು ಹೂಡಿದರೆ ಮೊದಲು ಎದ್ದವನದೇ ಡ್ರೈವ್. ಇವತ್ತು ಒಂದು, ನಾಳೆ ರೀಬೂಟ್ ಆದಮೇಲೆ ಇನ್ನೊಂದು ಎಂಬ ಪರಿಸ್ಥಿತಿ ಬರುವುದು ಹೀಗೆ.

ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಬ್ಯಾಕಪ್ ಸಾಫ್ಟ್‌ವೇರ್. ಐಬಿಎಂ ಡ್ರೈವ್ ಇಟ್ಟುಕೊಂಡು ಐಬಿಎಂನದೇ ಸ್ಟೋರೇಜ್ ಪ್ರೊಟೆಕ್ಟ್ ಓಡಿಸುವವರು ಲಿನ್-ಟೇಪ್ ಹಾಕಬೇಕು. ನೆಟ್‌ಬ್ಯಾಕಪ್ ಎಸ್‌ಟಿ ಜೊತೆಗೆ, ಸ್ಕಜಿ ಕಮಾಂಡ್‌ಗಳನ್ನು ನೇರವಾಗಿ ಕಳಿಸುವ ಎಸ್‌ಜಿ ಡ್ರೈವರನ್ನೂ ಕೇಳುತ್ತದೆ. ಬಾಕ್ಯುಲಾ ಬಳಸುವವರಿಗೆ ಬರೆಯಲು ಎಸ್‌ಟಿ, ರೋಬೋಟ್ ನಡೆಸಲು ಎಂಟಿಎಕ್ಸ್ ಮೂಲಕ ಎಸ್‌ಜಿ ಸಾಕು. ಎಸ್‌ಜಿ ಮಾಡ್ಯೂಲ್ ಎಲ್ಲ ಸರ್ವರ್‌ಗಳಲ್ಲೂ ತಾನಾಗಿ ಏಳುವುದಿಲ್ಲ. ರೋಬೋಟ್ ಕಾಣದಿದ್ದರೆ ಮೊದಲ ಅನುಮಾನ ಅಲ್ಲೇ ಇರಲಿ, ಮಾಡ್ಯೂಲ್‌ಗಳ ಸ್ವಯಂಲೋಡ್ ಪಟ್ಟಿಯಲ್ಲಿ ಅದರ ಹೆಸರು ಬರೆದಿಡಿ.

7. ಕರ್ನಲ್ ಅಪ್‌ಡೇಟ್‌ಗೆ ಮುನ್ನ ಡ್ರೈವರ್ ಕಟ್ಟಿಡಿ

ಕರ್ನಲ್ ಜೊತೆಗೇ ಬರುವ ಎಸ್‌ಟಿಗೆ ಈ ಚಿಂತೆಯಿಲ್ಲ. ಹೊರಗಿನಿಂದ ತಂದ ಲಿನ್-ಟೇಪನ್ನು ಮೂಲ ಆರ್‌ಪಿಎಂನಿಂದ ನಿಮ್ಮ ಕರ್ನಲ್‌ಗೆ ತಕ್ಕಂತೆ ಕಟ್ಟಬೇಕು, ಕರ್ನಲ್ ಬದಲಾದರೆ ಮತ್ತೆ ಕಟ್ಟಬೇಕು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಮಾಡ್ಯೂಲ್‌ಗೆ ನಿಮ್ಮ ಕೀಲಿಯಿಂದ ಸಹಿ ಹಾಕಿ, ಆ ಕೀಲಿಯನ್ನು ಸರ್ವರ್‌ನಲ್ಲಿ ನೋಂದಾಯಿಸದ ಹೊರತು ಕರ್ನಲ್ ಅದನ್ನು ಒಳಗೇ ಬಿಡುವುದಿಲ್ಲ. ತಿಂಗಳ ಪ್ಯಾಚ್ ಹಾಕುವ ತಂಡ ಬೇರೆ, ಬ್ಯಾಕಪ್ ನೋಡುವ ತಂಡ ಬೇರೆ ಆಗಿರುವ ಕಚೇರಿಗಳಲ್ಲಿ ಶನಿವಾರ ಪ್ಯಾಚ್ ಹಾಕಿ, ಭಾನುವಾರ ಬ್ಯಾಕಪ್ ಬಿದ್ದು, ಸೋಮವಾರ ಗೊತ್ತಾಗುತ್ತದೆ. ಪ್ಯಾಚ್ ಪಟ್ಟಿಯಲ್ಲೇ ‘ಟೇಪ್ ಡ್ರೈವರ್ ಮರುಕಟ್ಟಿ’ ಎಂಬ ಸಾಲು ಸೇರಿಸಿ.

8. ರಿವೈಂಡ್ ಆಗದ ಹೆಸರನ್ನೇ ಬಳಸಿ

ಇಡೀ ಪಟ್ಟಿಯಲ್ಲಿ ಒಂದನ್ನೇ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಒಂದೇ ಡ್ರೈವ್‌ಗೆ ಲಿನಕ್ಸ್ ಎರಡು ಬಾಗಿಲು ಇಡುತ್ತದೆ: ‘ಎಸ್‌ಟಿ0’ ಮತ್ತು ‘ಎನ್‌ಎಸ್‌ಟಿ0’. ಮೊದಲನೆಯದನ್ನು ಮುಚ್ಚಿದ ಕ್ಷಣ ಡ್ರೈವರ್ ಟೇಪನ್ನು ಆರಂಭಕ್ಕೆ ಸುತ್ತಿಬಿಡುತ್ತದೆ. ಎರಡನೆಯದು ಇದ್ದಲ್ಲೇ ಬಿಡುತ್ತದೆ.

ಸ್ಕ್ರಿಪ್ಟ್ ಒಂದು ಸೋಮವಾರದ ಟಾರ್ ಕಡತವನ್ನು ‘ಎಸ್‌ಟಿ0’ಕ್ಕೆ ಬರೆಯಿತು ಎನ್ನಿ. ಬರೆದು ಮುಗಿಸಿ ಮುಚ್ಚಿತು, ಟೇಪ್ ಆರಂಭಕ್ಕೆ ಬಂತು. ಮಂಗಳವಾರದ ಕಡತ ಸೋಮವಾರದ್ದರ ಮೇಲೇ ಕೂತಿತು. ಬುಧವಾರದ್ದು ಮಂಗಳವಾರದ ಮೇಲೆ. ಯಾವ ದಿನವೂ ದೋಷದ ಸಂದೇಶ ಬರುವುದಿಲ್ಲ, ಲಾಗ್ ತುಂಬ ಯಶಸ್ಸೇ. ವಾರದ ಕೊನೆಗೆ ಟೇಪ್‌ನಲ್ಲಿ ಓದಲು ಸಿಗುವುದು ಒಂದೇ ದಿನದ ಕಡತ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ: ಸ್ಥಿತಿ ಕೇಳಲೆಂದು ಎಂಟಿ ಕಮಾಂಡನ್ನು ‘ಎಸ್‌ಟಿ0’ ಮೇಲೆ ಓಡಿಸಿದರೂ ಸಾಕು, ಉತ್ತರ ಕೊಟ್ಟು ಮುಚ್ಚುವಾಗ ಅದು ಟೇಪನ್ನು ಸುತ್ತುತ್ತದೆ. ಬರೀ ನೋಡಿದ್ದಕ್ಕೇ ಟೇಪ್ ಜಾಗ ಬಿಟ್ಟಿತು. ಬ್ಯಾಕಪ್ ಸಾಫ್ಟ್‌ವೇರ್‌ನಲ್ಲೂ ಸ್ಕ್ರಿಪ್ಟ್‌ಗಳಲ್ಲೂ ಕೈಯಿಂದ ಟೈಪ್ ಮಾಡುವಾಗಲೂ ‘ಎನ್‌ಎಸ್‌ಟಿ’ಯೇ ಇರಲಿ. ಎಐಎಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಆರ್‌ಎಂಟಿ0’ ಬದಲು ‘ಆರ್‌ಎಂಟಿ0.1’ ಬಳಸಬೇಕು.

9. ಕ್ರಮಸಂಖ್ಯೆ ನಂಬಬೇಡಿ, ಸೀರಿಯಲ್ ನಂಬಿ

ಸೊನ್ನೆ, ಒಂದು, ಎರಡು ಎಂಬ ಸಂಖ್ಯೆಗಳನ್ನು ಕರ್ನಲ್ ಹಂಚುವುದು ಡ್ರೈವ್‌ಗಳು ಉತ್ತರ ಕೊಟ್ಟ ಸರದಿಯಲ್ಲಿ. ಬೂಟ್ ಆಗುವಾಗ ಒಂದು ಡ್ರೈವ್ ತಡಮಾಡಿದರೆ ಸರದಿ ತಿರುಗುತ್ತದೆ. ಆಗ ಏನಾಗುತ್ತದೆ ನೋಡಿ: ರೋಬೋಟ್ ಟೇಪನ್ನು ಎರಡನೇ ಡ್ರೈವ್‌ಗೆ ಹಾಕುತ್ತದೆ, ಬ್ಯಾಕಪ್ ಸಾಫ್ಟ್‌ವೇರ್ ಮೊದಲನೇ ಡ್ರೈವ್‌ನ ಬಾಗಿಲು ತಟ್ಟುತ್ತದೆ, ಅಲ್ಲಿ ಟೇಪ್ ಇಲ್ಲ, ಗಡುವು ಮುಗಿಯುತ್ತದೆ, ಸಾಫ್ಟ್‌ವೇರ್ ‘ಡ್ರೈವ್ ಕೆಟ್ಟಿದೆ’ ಎಂದು ಷರಾ ಬರೆದು ಅದನ್ನು ಕೆಳಗಿಳಿಸುತ್ತದೆ. ಎಂಜಿನಿಯರ್ ಬಂದು ಚೆನ್ನಾಗಿರುವ ಡ್ರೈವನ್ನು ಬದಲಿಸಿ ಹೋಗುತ್ತಾರೆ. ಅಲ್ಲಿ ಟೇಪ್ ಇಲ್ಲದಿದ್ದದ್ದೇ ವಾಸಿ. ಬೇರೆ ಕೆಲಸಕ್ಕೆ ಹಾಕಿದ ಟೇಪ್ ಇದ್ದಿದ್ದರೆ ಅದರ ಮೇಲೇ ಬರೆಯುವ ಅಪಾಯವಿತ್ತು.

ಲಿನಕ್ಸ್‌ನ ಯುಡೆವ್, ‘ಡೆವ್’ ಫೋಲ್ಡರ್ ಒಳಗೆ ‘ಟೇಪ್’, ಅದರೊಳಗೆ ‘ಬೈ-ಐಡಿ’ ಎಂಬ ಜಾಗದಲ್ಲಿ ಡ್ರೈವ್‌ನ ಸ್ವಂತ ಗುರುತಿನಿಂದ ಹುಟ್ಟಿದ ಹೆಸರುಗಳನ್ನು ಇಡುತ್ತದೆ. ‘ಎನ್‌ಎಸ್‌ಟಿ’ ಎಂದು ಕೊನೆಯಾಗುವ ಹೆಸರನ್ನು ಬ್ಯಾಕಪ್ ಸಾಫ್ಟ್‌ವೇರ್‌ಗೆ ಕೊಡಿ. ರೋಬೋಟ್‌ನ ಎಸ್‌ಜಿ ಸಂಖ್ಯೆಯೂ ಹೀಗೇ ಓಡಾಡುತ್ತದೆ, ಅದಕ್ಕೂ ಅಲ್ಲೇ ಸ್ಥಿರ ಹೆಸರು ಸಿಗುತ್ತದೆ. ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ ಟೇಪ್ ಕೀಲಿಯಲ್ಲಿ ‘ಪರ್ಸಿಸ್ಟೆನ್ಸ್’ ಬೆಲೆಯನ್ನು 1 ಮಾಡಿದರೆ ‘ಟೇಪ್0’ ಜಾಗದಲ್ಲಿ ‘ಟೇಪ್2147483646’ರಿಂದ ಇಳಿಯುತ್ತ ಹೋಗುವ ಹೆಸರುಗಳು ಬರುತ್ತವೆ. ನೋಡಲು ವಿಚಿತ್ರವಾದರೂ ರೀಬೂಟ್ ಆದಮೇಲೆ ಬದಲಾಗುವುದಿಲ್ಲ.

ಹೆಸರು ಗಟ್ಟಿಯಾದ ಮೇಲೆ ಹೊಂದಿಕೆ ಪರೀಕ್ಷಿಸಿ. ರೋಬೋಟ್ ಮೂಲಕ ಒಂದನೇ ಡ್ರೈವ್‌ಗೆ ಟೇಪ್ ಹಾಕಿಸಿ, ಎಲ್ಲ ಹೆಸರುಗಳ ಸ್ಥಿತಿಯನ್ನೂ ಕೇಳಿ. ಯಾವುದು ‘ಆನ್‌ಲೈನ್’ ಎನ್ನುತ್ತದೋ ಅದರ ಸೀರಿಯಲ್ ನಂಬರ್ ನಿಮ್ಮ ಹಾಳೆಯ ಒಂದನೇ ಸಾಲಿಗೆ ಹೊಂದಬೇಕು. ಬೆಂಗಳೂರಿನಲ್ಲಿ ಕೂತು ಯುರೋಪಿನ ಯಾವುದೋ ಊರಿನ ಲೈಬ್ರರಿ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಜನ. ಅವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ರ‍್ಯಾಕ್ ಮುಂದೆ ನಿಂತವರಿಗೆ ‘ಮೇಲಿನಿಂದ ಎರಡನೆಯದು’ ಎಂದರೆ ಒಬ್ಬೊಬ್ಬರಿಗೆ ಒಂದೊಂದು ಡ್ರೈವ್. ಸ್ಟಿಕ್ಕರ್‌ನ ಸೀರಿಯಲ್ ಓದಿಸಿ, ಕೊನೆಯ ನಾಲ್ಕು ಅಂಕಿ ತಾಳೆಯಾದ ಮೇಲೆ ಮಾತ್ರ ಡ್ರೈವ್ ಎಳೆಯಲು ಹೇಳಿ.

ಕೆಲವು ಲೈಬ್ರರಿಗಳು ಡಬ್ಲ್ಯುಡಬ್ಲ್ಯುಪಿಎನ್ನನ್ನು ಡ್ರೈವ್‌ಗೆ ಕೊಡದೆ ಡ್ರೈವ್ ಕೂರುವ ಜಾಗಕ್ಕೆ ಕೊಡುತ್ತವೆ. ಈ ಸೌಲಭ್ಯವಿದ್ದರೆ ಬಳಸಿಕೊಳ್ಳಿ. ಡ್ರೈವ್ ಬದಲಾದರೂ ಜೋನ್ ಮುಟ್ಟಬೇಕಾಗಿಲ್ಲ.

10. ಟೇಪ್‌ಗೆ ಮಲ್ಟಿಪಾತ್ ಹಚ್ಚಬೇಡಿ

ಡಿಸ್ಕ್‌ಗೆ ಎರಡು ದಾರಿ ಕೊಟ್ಟು ಒಂದರಿಂದ ಇನ್ನೊಂದಕ್ಕೆ ಹಾರಿಸುವ ಮಲ್ಟಿಪಾತ್ ಸೇವೆ ಟೇಪ್‌ನ ತಂಟೆಗೆ ಬರಬಾರದು. ಲಿನಕ್ಸ್‌ನ ಮಲ್ಟಿಪಾತ್ ಸೇವೆ ಎಸ್‌ಟಿ ಸಾಧನಗಳನ್ನು ತಾನಾಗಿ ಹೊರಗಿಡುತ್ತದೆ; ಯಾರಾದರೂ ಆ ಸಾಲನ್ನು ತಿದ್ದಿಲ್ಲವೇ ನೋಡಿ. ಎರಡು ಪೋರ್ಟ್‌ಗಳ ಡ್ರೈವ್‌ಗೆ ಎರಡನೇ ದಾರಿ ಬೇಕೇ ಬೇಕಿದ್ದರೆ ತಯಾರಕರ ಡ್ರೈವರ್ ಕೊಡುವ ಫೇಲೋವರ್ ಬಳಸಿ, ಅದಕ್ಕೆ ಹೆಡ್‌ನ ಜಾಗ ಗೊತ್ತಿರುತ್ತದೆ. ಅದಿಲ್ಲದಿದ್ದರೆ ಒಂದೇ ದಾರಿ ಸಾಕು.

11. ಬಾಗಿಲು ತಟ್ಟುವವರನ್ನೆಲ್ಲ ಹುಡುಕಿ ನಿಲ್ಲಿಸಿ

ಒಂದೇ ಸರ್ವರ್‌ನೊಳಗೆ ಎಸ್‌ಟಿ ಡ್ರೈವರ್ ಒಬ್ಬರಿಗಿಂತ ಹೆಚ್ಚು ಜನರನ್ನು ಒಳಬಿಡುವುದಿಲ್ಲ, ಎರಡನೆಯವರಿಗೆ ‘ಬ್ಯುಸಿ’ ಎನ್ನುತ್ತದೆ. ಆದರೆ ಪಕ್ಕದ ಸರ್ವರ್‌ನ ಎಸ್‌ಟಿಗೆ ಈ ಸಂಗತಿ ಗೊತ್ತಿರುವುದಿಲ್ಲ. ಅಲ್ಲಿ ಯಾರೋ ‘ಎಸ್‌ಟಿ0’ರ ಸ್ಥಿತಿ ಕೇಳಿದರೆ ಇಲ್ಲಿ ಓಡುತ್ತಿರುವ ಬ್ಯಾಕಪ್‌ನ ಟೇಪ್ ಆರಂಭಕ್ಕೆ ಸುತ್ತಿಕೊಳ್ಳಬಹುದು. ಇದಕ್ಕೆ ತಡೆ ಸ್ಕಜಿ ರಿಸರ್ವೇಶನ್, ಅಂದರೆ ಒಂದು ಸರ್ವರ್ ಡ್ರೈವ್‌ಗೇ ಹಾಕುವ ಬೀಗ. ಡ್ರೈವ್ ಹಂಚಿಕೊಳ್ಳುವ ಎಲ್ಲ ಸರ್ವರ್‌ಗಳಲ್ಲೂ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ಬಳಸುತ್ತಿದೆಯೇ, ಎಲ್ಲ ಕಡೆ ಒಂದೇ ಬಗೆಯದೇ ನೋಡಿ. ಪರ್ಸಿಸ್ಟೆಂಟ್ ಬಗೆಯದಾದರೆ ಸರ್ವರ್ ಸತ್ತರೂ ಬೀಗ ಉಳಿದುಕೊಳ್ಳುತ್ತದೆ. ಆಗ ಎಸ್‌ಜಿ-ಪರ್ಸಿಸ್ಟ್ ಕಮಾಂಡ್‌ನಿಂದ ಬೀಗ ಯಾರದೆಂದು ಓದಿ, ಖಾತ್ರಿಯಾದ ಮೇಲೆ ತೆಗೆಯಬೇಕು.

ಸ್ಕಜಿ ಸಾಧನಗಳನ್ನೆಲ್ಲ ಆಗಾಗ ವಿಚಾರಿಸುವ ಮಾನಿಟರಿಂಗ್ ಏಜೆಂಟ್‌ಗಳು, ಆಸ್ತಿ ಪಟ್ಟಿ ಮಾಡುವ ಸಾಫ್ಟ್‌ವೇರ್‌ಗಳು ಟೇಪ್ ಸರ್ವರ್‌ನಲ್ಲಿ ಬೇಡ. ವಿಂಡೋಸ್ ಕೂಡ ‘ಸಿದ್ಧವಿದ್ದೀಯಾ’ ಎಂದು ಡ್ರೈವನ್ನು ಪದೇಪದೇ ಕೇಳುವುದುಂಟು. ಅದನ್ನು ನಿಲ್ಲಿಸಲು ಡ್ರೈವರ್ ಸೇವೆಯ ರಿಜಿಸ್ಟ್ರಿ ಕೀಲಿಯಲ್ಲಿ ‘ಆಟೋರನ್’ ಬೆಲೆಯನ್ನು 0 ಮಾಡಬೇಕು. ಹೊಸ ಡಿಸ್ಕ್ ಸೇರಿಸುವಾಗ ಬಸ್ ರೀಸ್ಕ್ಯಾನ್ ಮಾಡುವ ಸ್ಕ್ರಿಪ್ಟ್ ಬ್ಯಾಕಪ್ ಹೊತ್ತಿನಲ್ಲಿ ಓಡಬಾರದು. ಲಿಂಕನ್ನೇ ಬೀಳಿಸಿ ಎಬ್ಬಿಸುವ ‘ಇಶ್ಯೂ-ಲಿಪ್’ ಅಂತೂ ಕೂಡದೇ ಕೂಡದು.

12. ಬ್ಲಾಕ್ ಅಳತೆ ಒಮ್ಮೆ ತೀರ್ಮಾನಿಸಿ, ಟೇಪ್ ಮೇಲೇ ಬರೆಯಿರಿ

ಎಸ್‌ಟಿ ಡ್ರೈವರನ್ನು ವೇರಿಯಬಲ್ ಬ್ಲಾಕ್‌ಗೆ ಇಡಿ, ಅಂದರೆ ಎಂಟಿ ಕಮಾಂಡ್‌ನಲ್ಲಿ ಸೆಟ್‌ಬ್ಲಾಕ್ 0. ನಂತರ ಅಳತೆ ನಿರ್ಧರಿಸುವುದು ಬರೆಯುವ ಸಾಫ್ಟ್‌ವೇರ್. ಟಾರ್ ತಾನಾಗಿ ಬಳಸುವ 10,240 ಬೈಟ್ ಇಂದಿನ ಡ್ರೈವ್‌ಗೆ ತೀರ ಚಿಕ್ಕದು. 256 ಕಿಲೋಬೈಟ್ ಒಳ್ಳೆಯ ಆರಂಭ. ಅದಕ್ಕಿಂತ ದೊಡ್ಡದು ಬೇಕೆಂದರೆ ಎಚ್‌ಬಿಎ ಒಂದೇ ಸಲಕ್ಕೆ ಸಾಗಿಸುವ ಮಿತಿ ನೋಡಿಕೊಂಡು ಏರಿಸಿ, ಏರಿಸಿದ ಮೇಲೆ ವಾಪಸ್ ಓದಿ ನೋಡಿ.

ಹಳೆಯ ಟೇಪ್ ಓದಲು ಹೋದಾಗ ‘ಮೆಮೊರಿ ಸಾಲದು’ ಎಂಬ ದೋಷ ಬಂದರೆ ರ‍್ಯಾಮ್ ಕೊಳ್ಳಲು ಓಡಬೇಡಿ. ಟೇಪ್‌ನ ಬ್ಲಾಕ್ ನೀವು ಕೊಟ್ಟ ಬಫರ್‌ಗಿಂತ ದೊಡ್ಡದು ಎಂದು ಎಸ್‌ಟಿ ಹೇಳುವ ರೀತಿ ಅದು. ಬಫರ್ ದೊಡ್ಡದು ಮಾಡಿ ಓದಿ. ಈ ಸೆಟ್ಟಿಂಗ್‌ಗಳು ರೀಬೂಟ್ ಆದಮೇಲೂ ಉಳಿಯಲು ಎಸ್‌ಟಿ-ಇನಿಟ್ ಸಲಕರಣೆಯ ಕಡತದಲ್ಲಿ ಬರೆದಿಡಿ. ಟೇಪ್ ಪೆಟ್ಟಿಗೆಯ ಲೇಬಲ್ ಮೇಲೂ ಬ್ಲಾಕ್ ಅಳತೆ ಇರಲಿ. ಹತ್ತು ವರ್ಷದ ನಂತರ ಅದನ್ನು ಕೈಗೆತ್ತಿಕೊಳ್ಳುವವರಿಗೆ ನಿಮ್ಮ ಕಡತ ಸಿಗದಿರಬಹುದು.

13. ಗಡುವುಗಳನ್ನು ಟೇಪ್‌ನ ಗತಿಗೆ ಹೊಂದಿಸಿ

ಎಸ್‌ಟಿ ಡ್ರೈವರ್ ಮಾಮೂಲಿ ಕಮಾಂಡ್‌ಗೆ 900 ಸೆಕೆಂಡ್, ಅಳಿಸುವಿಕೆಯಂಥ ದೀರ್ಘ ಕೆಲಸಕ್ಕೆ 14,000 ಸೆಕೆಂಡ್ ಕಾಯುತ್ತದೆ. ಇವನ್ನು ಕಡಿಮೆ ಮಾಡುವ ಆಸೆಗೆ ಬೀಳಬೇಡಿ. ಎಲ್‌ಟಿಒ-9ಕ್ಕೆ ಹೋದವರು ಇನ್ನೊಂದು ವಿಷಯ ತಿಳಿದಿರಬೇಕು. ಹೊಸ ಎಲ್‌ಟಿಒ-9 ಟೇಪನ್ನು ಮೊದಲ ಸಲ ಡ್ರೈವ್‌ಗೆ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಸರಾಸರಿ 40 ನಿಮಿಷ, ಕೆಲವೊಮ್ಮೆ 2 ಗಂಟೆ. ಈ ಹೊತ್ತಿನಲ್ಲಿ ಡ್ರೈವ್ ಕೆಟ್ಟಂತೆಯೇ ಕಾಣುತ್ತದೆ. ನಿಮಿಷಗಳಲ್ಲಿ ಎಣಿಸುವ ಬ್ಯಾಕಪ್ ಸಾಫ್ಟ್‌ವೇರ್‌ನ ಮೌಂಟ್ ಗಡುವು ಮುಗಿದು ಕೆಲಸ ಬೀಳುತ್ತದೆ. ನಡುವೆ ಟೇಪ್ ಹೊರಗೆಳೆದರೆ ಮತ್ತೆ ಮೊದಲಿನಿಂದ ಶುರು. ಹೊಸ ಟೇಪ್‌ಗಳು ಬಂದ ದಿನವೇ, ಹಗಲು ಹೊತ್ತಿನಲ್ಲಿ, ಒಂದೊಂದಾಗಿ ಹಾಕಿ ಇದನ್ನು ಮುಗಿಸಿ. ಒಂದು ಟೇಪ್‌ಗೆ ಒಮ್ಮೆ ಮಾಡಿದರೆ ಸಾಕು.

14. ಸೊನ್ನೆ ಬರೆದು ವೇಗ ಅಳೆಯಬೇಡಿ

‘ಡೆವ್ ಝೀರೋ’ದಿಂದ ಸೊನ್ನೆಗಳನ್ನು ಸುರಿದು ವೇಗ ಅಳೆದರೆ ಬರುವ ಅಂಕಿ ಸುಳ್ಳು. ಡ್ರೈವ್‌ನೊಳಗಿನ ಕಂಪ್ರೆಶನ್ ಸೊನ್ನೆಗಳನ್ನು ಹಿಂಡಿಬಿಡುತ್ತದೆ, ಟೇಪ್ ಓಡುವುದೇ ಇಲ್ಲ ಎನ್ನಬಹುದು. ಮೊದಲೇ ಸಿದ್ಧಮಾಡಿದ ಯಾದೃಚ್ಛಿಕ ಬೈಟ್‌ಗಳ ದೊಡ್ಡ ಕಡತವೊಂದನ್ನು ವೇಗದ ಡಿಸ್ಕ್‌ನಿಂದ ಬರೆಯಿರಿ. ಎಲ್‌ಟಿಒ-8ರ ಗರಿಷ್ಠ ಸೆಕೆಂಡಿಗೆ 360 ಮೆಗಾಬೈಟ್, ಎಲ್‌ಟಿಒ-9ರದು 400. ಡೇಟಾ ಅದಕ್ಕಿಂತ ನಿಧಾನವಾಗಿ ಬಂದರೆ ಡ್ರೈವ್ ತನ್ನ ಓಟವನ್ನು ಒಂದು ಮಿತಿಯವರೆಗೆ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಕೆಳಗಿಳಿದರೆ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಮುಂದೆ ಓಡುವ ಪರದಾಟ ಶುರು. ಟೇಪೂ ಹೆಡ್ಡೂ ಎರಡೂ ಸವೆಯುತ್ತವೆ. ನೆಟ್‌ವರ್ಕ್‌ನಿಂದ ಬರುವ ನಿಧಾನದ ಬ್ಯಾಕಪ್‌ಗಳನ್ನು ಮೊದಲು ಡಿಸ್ಕ್‌ನಲ್ಲಿ ಇಳಿಸಿ, ಅಲ್ಲಿಂದ ಒಟ್ಟಿಗೆ ಟೇಪ್‌ಗೆ ಹರಿಸಿ.

15. ವಿದ್ಯುತ್ ಹೋಗಿ ಬಂದಾಗ ಸರದಿ ತಪ್ಪಬೇಡಿ

ಮೊದಲು ಸ್ವಿಚ್, ಆಮೇಲೆ ಲೈಬ್ರರಿ, ಲೈಬ್ರರಿ ತನ್ನ ಗೂಡುಗಳನ್ನೆಲ್ಲ ಎಣಿಸಿ ‘ರೆಡಿ’ ಎಂದ ಮೇಲೆ ಸರ್ವರ್.

16. ಡ್ರೈವರ್ ಹೇಳುವುದನ್ನು ಓದಲು ಕಲಿಯಿರಿ

ಕರ್ನಲ್ ಲಾಗ್‌ನಲ್ಲಿ ಸೆನ್ಸ್ ಕೀ 3 ಎಂದರೆ ಟೇಪ್‌ನದೇ ದೋಷ ಇರಬಹುದು, 4 ಎಂದರೆ ಹಾರ್ಡ್‌ವೇರ್. 6 ಎಂದರೆ ‘ನಿನ್ನ ಗಮನಕ್ಕೆ’ ಎಂಬ ಸೂಚನೆ. ಅದರ ಜೊತೆ 29 ಎಂಬ ಕೋಡ್ ಇದ್ದರೆ ಡ್ರೈವ್‌ಗೆ ಯಾರೋ ರೀಸೆಟ್ ಕೊಟ್ಟಿದ್ದಾರೆ, ಇಲ್ಲವೇ ಅದರ ವಿದ್ಯುತ್ ಹೋಗಿ ಬಂದಿದೆ. ಆಗ ಎಸ್‌ಟಿ ಡ್ರೈವರ್ ಹೆಡ್‌ನ ಜಾಗ ತಿಳಿಯದೆಂದು ಬರೆಯಲು ನಿರಾಕರಿಸುತ್ತದೆ. ಹಟಮಾರಿತನ ಎನಿಸಿದರೂ ನಿಮ್ಮ ಡೇಟಾ ಉಳಿಸುತ್ತಿರುವುದು ಆ ನಿರಾಕರಣೆಯೇ. ರೀಸೆಟ್ ಕೊಟ್ಟವರು ಯಾರು ಎಂಬುದನ್ನು 3 ಮತ್ತು 11ನೇ ಸೂತ್ರಗಳ ಜಾಡಿನಲ್ಲಿ ಹುಡುಕಿ. ಟೇಪ್‌ಅಲರ್ಟ್ ಪುಟದ 64 ಸೂಚನೆಗಳಲ್ಲಿ 20ನೆಯದು ‘ಈಗಲೇ ಶುಚಿಮಾಡಿ’ ಎನ್ನುವಂಥದ್ದು. ಲೈಬ್ರರಿಯ ಸ್ವಯಂ ಶುಚಿಗೊಳಿಸುವಿಕೆ, ಬ್ಯಾಕಪ್ ಸಾಫ್ಟ್‌ವೇರ್‌ನ ಶುಚಿಗೊಳಿಸುವಿಕೆ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಇಲ್ಲೂ ಯಜಮಾನ ಒಬ್ಬನೇ ಇರಲಿ.

17. ಬೇರೆ ಡ್ರೈವ್‌ನಲ್ಲಿ, ಬೇರೆ ಸರ್ವರ್‌ನಲ್ಲಿ ಓದಿಸಿ

ಬರೆದ ಡ್ರೈವ್‌ನಲ್ಲೇ ಓದಿದರೆ ಪರೀಕ್ಷೆ ಅರ್ಧವಷ್ಟೇ. ಇನ್ನೊಂದು ಡ್ರೈವ್‌ಗೆ ಹಾಕಿ, ಸಾಧ್ಯವಾದರೆ ಇನ್ನೊಂದು ಸರ್ವರ್‌ನಿಂದ ಓದಿ, ಕಡತಗಳ ಚೆಕ್‌ಸಮ್ ತಾಳೆ ನೋಡಿ. ಬ್ಲಾಕ್ ಅಳತೆ, ಡ್ರೈವರ್, ಹೆಸರು, ಜೋನ್ ಎಲ್ಲವೂ ಒಟ್ಟಿಗೇ ಪರೀಕ್ಷೆಗೆ ಒಳಗಾಗುವುದು ಹೀಗೆ ಮಾಡಿದಾಗಲೇ. ಡ್ರೈವ್‌ನಲ್ಲಿ ಎನ್‌ಕ್ರಿಪ್ಶನ್ ಬಳಸುವವರು (ಎಲ್‌ಟಿಒ-4ರಿಂದ ಈ ಸೌಲಭ್ಯವಿದೆ) ಕೀಲಿ ಇಲ್ಲದ ಸರ್ವರ್‌ನಲ್ಲಿ ಶುರುಮಾಡಿ, ಕೀಲಿ ತರಿಸಿಕೊಳ್ಳುವ ಹಂತವನ್ನೂ ದಾಟಿ ನೋಡಬೇಕು.

ಡ್ರೈವ್‌ಗಳ ತಲೆಮಾರು ಬದಲಿಸುವಾಗ ಹಳೆಯ ಟೇಪ್‌ಗಳ ಲೆಕ್ಕ ಮೊದಲು ತೆಗೆಯಿರಿ. ಎಲ್‌ಟಿಒ-7ರ ತನಕ ಒಂದು ಡ್ರೈವ್ ಎರಡು ತಲೆಮಾರು ಹಿಂದಿನ ಟೇಪನ್ನೂ ಓದುತ್ತಿತ್ತು. ಎಲ್‌ಟಿಒ-8 ಡ್ರೈವ್ ಎಲ್‌ಟಿಒ-7 ಟೇಪ್ ಓದುತ್ತದೆ, ಎಲ್‌ಟಿಒ-6ನ್ನು ಓದುವುದಿಲ್ಲ. ಎಲ್‌ಟಿಒ-9 ಡ್ರೈವ್ ಹಿಂದಕ್ಕೆ ನೋಡುವುದು ಎಲ್‌ಟಿಒ-8ರ ಕಡೆ ಮಾತ್ರ. ಗೂಡಿನಲ್ಲಿ ಎಲ್‌ಟಿಒ-6 ಟೇಪ್‌ಗಳಿದ್ದರೆ ಒಂದು ಎಲ್‌ಟಿಒ-7 ಡ್ರೈವ್, ಅದಕ್ಕೆ ಹೊಂದುವ ಎಚ್‌ಬಿಎ, ಅವೆರಡನ್ನೂ ಬಲ್ಲ ಕರ್ನಲ್ ಇರುವ ಒಂದು ಸರ್ವರನ್ನು ಉಳಿಸಿಕೊಳ್ಳಿ. ಇಲ್ಲವೇ ಡ್ರೈವ್ ಇನ್ನೂ ಓಡುತ್ತಿರುವಾಗಲೇ ಹೊಸ ಟೇಪ್‌ಗಳಿಗೆ ನಕಲು ಮಾಡಿ ಮುಗಿಸಿ.